ಹಸಿರು ಚಪ್ಪಲಿ

ನನ್ನ ಅಮ್ಮ ಕೌಂಟರಿನ ಮುಂದೆ ನಿಂತು, ಇಡೀ ಕ್ಲಿನಿಕ್ಕಿಗೆ ಕೇಳಿಸುವ ಹಾಗೆ, "ನನಗೆ ಗುಬ್ಬಿನೇ ಬೇಕಮ್ಮ, ಅವಳು ಖಾಲಿ ಆಗೋವರೆಗೂ ಇಲ್ಲೇ ಕೂತಿರ್ತೀನಿ" ಅಂದಾಗ ನಾನು ಅವಳ ಬೆನ್ನ ಹಿಂದೆಯೇ ಇದ್ದೆ. ಕೈಯಲ್ಲಿ ಬಿಸಿ ಟವೆಲ್ಲುಗಳ ಬುಟ್ಟಿ. ಬೆಂಚಿನ ಮೇಲೆ ಕುಳಿತಿದ್ದ ಸೊಂಟನೋವಿನ ಬಸ್ ಡ್ರೈವರು ಪೇಪರಿನಿಂದ ತಲೆಯೆತ್ತಿ ನನ್ನ ಮುಖವನ್ನೇ ನೋಡಿದ. ಕೌಂಟರಿನ ಹುಡುಗಿ ಏನೋ ಬೀಳಿಸಿಕೊಂಡವಳ ಹಾಗೆ ಮೇಜಿನ ಕೆಳಗೆ ಬಗ್ಗಿದಳು. ನಗುವುದಕ್ಕೆ ಬಗ್ಗಿದ್ದು ಅಂತ ನನಗೆ ಗೊತ್ತಾಗುವುದಿಲ್ಲವೇ?

ಈ ಕ್ಲಿನಿಕ್ಕು ಬಾಗಿಲು ತೆರೆದ ದಿನದಿಂದ ನಾನಿಲ್ಲಿ ಮಸಾಜ್ ಮಾಡುತ್ತಿದ್ದೇನೆ. ಊರಿನ ಅರ್ಧ ಬೆನ್ನುಗಳು ನನ್ನ ಕೈ ಕೆಳಗೆ ಹಾದುಹೋಗಿವೆ. ಹೆತ್ತ ತಾಯಿಗೆ ಮಾತ್ರ ನಿನ್ನೆ ಮೊನ್ನೆ ಬಂದ ಹುಡುಗಿಯ ಕೈ ಬೇಕಂತೆ. ಹೊಟ್ಟೆ ಉರಿಯಿತು ಅಂದರೆ ಕಡಿಮೆಯಾಯಿತು. ಬುಟ್ಟಿಯಲ್ಲಿದ್ದ ಟವೆಲ್ಲುಗಳಿಗಿಂತ ನಾನೇ ಹೆಚ್ಚು ಬಿಸಿಯಾಗಿದ್ದೆ.

ನಮ್ಮದು ದೊಡ್ಡ ಕ್ಲಿನಿಕ್ಕೇನಲ್ಲ. ಕೆಳಗೆ ಔಷಧಿ ಅಂಗಡಿ, ಮೇಲೆ ನಾವು. ಮೆಟ್ಟಿಲು ಹತ್ತಿದರೆ ಕೌಂಟರು, ಬೆಂಚು, ಡಾಕ್ಟರ ಕೋಣೆ. ಅದರಾಚೆ ಪ್ಲೈವುಡ್ ಹಲಗೆಯಿಂದ ಬೇರೆ ಮಾಡಿದ ಎರಡು ಮಸಾಜ್ ಕೋಣೆ. ಕಿಟಕಿ ಇರುವುದು ನನ್ನದು, ಇಲ್ಲದ್ದು ಗುಬ್ಬಿಯದು. ಡಾಕ್ಟ್ರು ಪರೀಕ್ಷೆ ಮಾಡಿ ಎಲ್ಲಿ ನೋವು, ಎಲ್ಲಿ ಮುಟ್ಟಬಾರದು ಅಂತ ಹೇಳಿಬಿಡುತ್ತಾರೆ. ಉಳಿದದ್ದು ನಮ್ಮ ಕೈ. ನನ್ನನ್ನು ಎಲ್ಲರೂ ಎದುರಿಗೆ ಅಕ್ಕ ಅನ್ನುತ್ತಾರೆ, ಹಿಂದಿನಿಂದ ಬುಲ್ಡೋಜರ್ ಅನ್ನುತ್ತಾರೆ. ಎರಡೂ ನನಗೆ ಸಂತೋಷವೇ.

ನಮ್ಮ ಕೆಲಸದಲ್ಲಿ ಒಂದು ತಮಾಷೆ ಇದೆ. ರೋಗಿಗಳು ನಮ್ಮ ಮುಖ ನೋಡುವುದೇ ಅಪರೂಪ. ನಾವು ಒಳಗೆ ಕಾಲಿಡುವ ಹೊತ್ತಿಗೆ ಅವರು ಚಾದರ ಹೊದ್ದುಕೊಂಡು, ಟೇಬಲ್ಲಿನ ತಲೆಭಾಗದ ತೂತಿನಲ್ಲಿ ಮುಖ ಇಟ್ಟುಕೊಂಡು ಬೋರಲು ಮಲಗಿರುತ್ತಾರೆ. ಆ ತೂತಿನಿಂದ ಕಾಣುವುದು ನೆಲದ ಟೈಲ್ಸು ಮತ್ತು ನಮ್ಮ ಕಾಲು, ಅಷ್ಟೇ. ಬೀದಿ ಚಪ್ಪಲಿ ಒಳಗೆ ತರುವಂತಿಲ್ಲ, ಅದಕ್ಕೆ ಒಬ್ಬೊಬ್ಬರಿಗೂ ಒಂದೊಂದು ಬಣ್ಣದ ರಬ್ಬರ್ ಚಪ್ಪಲಿ. ನನ್ನದು ನೀಲಿ, ಗುಬ್ಬಿಯದು ಹಸಿರು. ರೋಗಿಗಳು ನಮ್ಮನ್ನು ಗುರುತು ಹಿಡಿಯುವುದೇ ಹಾಗೆ. "ನೀಲಿ ಬಂತಾ? ಮುಗೀತು ನನ್ನ ಕಥೆ" ಅಂತ ಬಸ್ ಡ್ರೈವರು ತೂತಿನೊಳಗಿಂದಲೇ ಗೊಣಗುತ್ತಾನೆ. ನನ್ನ ಬಲಗಾಲಿನ ಒಂದು ಬೆರಳು ಚಿಕ್ಕಂದಿನಲ್ಲಿ ಸುತ್ತಿಗೆ ಬಿದ್ದು ಸೊಟ್ಟಗಾಗಿದೆ. ಅದನ್ನೂ ಬಿಡದೆ, "ಸೊಟ್ಟ ಬೆರಳಿನ ಮೇಡಂಗೆ ನಮಸ್ಕಾರ" ಅನ್ನುತ್ತಾನೆ. ಇಷ್ಟೆಲ್ಲ ಬೈದುಕೊಂಡು ಮುಂದಿನ ವಾರ ಮತ್ತೆ ನನ್ನ ಹತ್ತಿರವೇ ಬರುತ್ತಾನೆ.

ಗುಬ್ಬಿ ಬಂದದ್ದು ಚಳಿಗಾಲದಲ್ಲಿ. ಹಿಡಿಯಷ್ಟು ಮೈ, ಇಷ್ಟೇ ಇಷ್ಟು ದನಿ, ಮಕ್ಕಳ ಅಳತೆಯ ಕಾಲು. ಯಾವಾಗಲೂ ಕಾಲು ಕೊರೆಯುತ್ತದೆ ಅಂತ ಬೇಸಿಗೆಯಲ್ಲೂ ಬಿಳಿ ಕಾಲುಚೀಲ ಹಾಕಿಕೊಂಡೇ ಇರುತ್ತಾಳೆ. ರೋಗಿಗಳೇ ಅವಳಿಗೆ ಗುಬ್ಬಿ ಅಂತ ಹೆಸರಿಟ್ಟರು. ಎಣ್ಣೆ ಬಾಟಲಿಯನ್ನು ಬಿಸಿನೀರಿನಲ್ಲಿ ಎಷ್ಟು ಹೊತ್ತು ಇಡಬೇಕು, ಚಾದರವನ್ನು ಯಾವ ಕಡೆಯಿಂದ ಸರಿಸಿದರೆ ರೋಗಿಗೆ ಮುಜುಗರವಾಗುವುದಿಲ್ಲ, ಎಲ್ಲ ಹೇಳಿಕೊಟ್ಟವಳು ನಾನು. ಆದರೆ ಅವಳಿಗೆ ಅವಳದೇ ಒಂದು ಪದ್ಧತಿ. ಒಳಗೆ ಹೋಗಿ ರೋಗಿಯ ಬೆನ್ನ ಮೇಲೆ ಅಂಗೈ ಇಟ್ಟು ಸುಮ್ಮನೆ ನಿಂತುಬಿಡುತ್ತಾಳೆ. ಒತ್ತುವುದಿಲ್ಲ, ತಿಕ್ಕುವುದಿಲ್ಲ. ಬಸ್ಸಿಗೆ ಕಾಯುವವಳ ಹಾಗೆ ನಿಂತಿರುತ್ತಾಳೆ. ಕೇಳಿದರೆ, "ಉಸಿರು ಕೆಳಗಿಳಿಯೋವರೆಗೂ ಕಾಯ್ತೀನಿ ಅಕ್ಕಾ" ಅನ್ನುತ್ತಾಳೆ. ನಾನು ಅಷ್ಟು ಹೊತ್ತಿಗೆ ಎರಡು ಗಂಟು ಬಿಡಿಸಿರುತ್ತೇನೆ.

ಇನ್ನು ಅಮ್ಮನ ವಿಷಯ. ಅಪ್ಪ ತೀರಿಕೊಂಡ ಮೇಲೆ ಅಮ್ಮ ನಮ್ಮ ಮನೆಯಲ್ಲೇ ಇದ್ದಾಳೆ. ನಾನು, ನನ್ನ ಗಂಡ, ಅಮ್ಮ, ಮೂರೇ ಜನ. ಅಮ್ಮನಿಗೆ ಸುಮ್ಮನೆ ಕೂತು ಗೊತ್ತಿಲ್ಲ. ಕಿಟಕಿಯ ಹತ್ತಿರ ಕುಳಿತು ನಮ್ಮಿಬ್ಬರ ಹರಿದ ಬಟ್ಟೆ, ತೂತು ಬಿದ್ದ ಕಾಲುಚೀಲ ಎಲ್ಲ ಹೊಲಿಯುತ್ತಿರುತ್ತಾಳೆ. ಅಪ್ಪನ ಅಂಗಡಿಯಿಂದ ಉಳಿದ ದಪ್ಪ ದಾರದ ಉಂಡೆಗಳಿವೆ, ಅವು ಮುಗಿಯುವವರೆಗೆ ಬೇರೆ ದಾರ ತರಲು ಬಿಡುವುದಿಲ್ಲ. ಬಣ್ಣ ಹೊಂದುತ್ತದೋ ಇಲ್ಲವೋ ಅವಳಿಗೆ ಲೆಕ್ಕವಿಲ್ಲ. ಹೋದ ವರ್ಷದಿಂದ ಅವಳ ಬಲ ಹೆಗಲು ಬಿಗಿದುಕೊಂಡಿತು. ಮಡಿಲಲ್ಲಿಟ್ಟು ಹೊಲಿಯಲು ಬರುತ್ತದೆ, ತಲೆ ಬಾಚಿಕೊಳ್ಳಲು ಬರುವುದಿಲ್ಲ. ಬಟ್ಟೆ ಹರವಲು ಕೈ ಎತ್ತಿದರೆ ಅರ್ಧದಲ್ಲೇ ನಿಲ್ಲುತ್ತದೆ.

ಮನೆಯಲ್ಲಿ ಇಂಥ ಕೈ ಇಟ್ಟುಕೊಂಡು ಯಾರಾದರೂ ನೋವು ತಿನ್ನುತ್ತಾರೆಯೇ? ನಾನು ಕರೆದಾಗಲೆಲ್ಲ ಅಮ್ಮ, "ನೀನು ದಣಿದು ಬಂದಿರ್ತೀಯ, ಬಿಡೇ" ಅನ್ನುತ್ತಿದ್ದಳು. ಕೊನೆಗೆ ಒಂದು ದಿನ ಹಠ ಮಾಡಿ ಕ್ಲಿನಿಕ್ಕಿಗೇ ಕರೆದುಕೊಂಡು ಹೋದೆ. ಡಾಕ್ಟ್ರಿಗೆ ತೋರಿಸಿದೆ, ನನ್ನ ಟೇಬಲ್ಲಿನ ಮೇಲೆ ಮಲಗಿಸಿದೆ. ಬೆರಳು ಇಟ್ಟ ಕೂಡಲೇ ಗಂಟು ಸಿಕ್ಕಿತು: ಹೆಗಲ ಹಿಂದೆ, ರೆಕ್ಕೆ ಮೂಳೆಯ ಮೇಲ್ತುದಿಯಲ್ಲಿ ಒಂದು ಗುಳಿ ಇರುತ್ತದಲ್ಲ, ಅಲ್ಲಿ. ಹೆಬ್ಬೆರಳು ಇಟ್ಟು ಒತ್ತಿದೆ. ಅಮ್ಮ ಹಾವು ತುಳಿದವಳ ಹಾಗೆ ಎಗರಿದಳು. "ಸ್ವಲ್ಪ ತಡ್ಕೋ ಅಮ್ಮ" ಅಂತ ಇನ್ನೂ ಒತ್ತಿದೆ. ಎದ್ದು ಕುಳಿತಾಗ ಅವಳ ಮುಖ ಬಿಳಿಚಿಹೋಗಿತ್ತು. ಮೊದಲ ದಿನ ಎಲ್ಲರಿಗೂ ಹಾಗೇ ಆಗುತ್ತದೆ ಅಂದುಕೊಂಡೆ. ಎರಡನೆಯ ದಿನವೇ ಕೌಂಟರಿನ ಮುಂದೆ ಆ ನಾಟಕ.

ನನ್ನ ಹೆಬ್ಬೆರಳ ಬಗ್ಗೆ ಒಂದು ಮಾತು ಹೇಳಲೇಬೇಕು. ಅದು ಅಪ್ಪನ ಹೆಬ್ಬೆರಳು. ಅಗಲ, ತುದಿ ಚಪ್ಪಟೆ, ಹಿಂದಕ್ಕೆ ಬಾಗುತ್ತದೆ. ಅಪ್ಪನದು ಸೋಫಾ, ಕುರ್ಚಿಗಳಿಗೆ ಬಟ್ಟೆ ಹೊದಿಸುವ ಕೆಲಸ. ಸಣ್ಣ ಮೊಳೆಗಳನ್ನು ಸುತ್ತಿಗೆ ಮುಟ್ಟದೆ ಹೆಬ್ಬೆರಳಿನಲ್ಲೇ ಮರಕ್ಕೆ ಕೂರಿಸುತ್ತಿದ್ದರು. ನಾನು ಪಕ್ಕದಲ್ಲಿ ಕುಳಿತು ಮೊಳೆ ಎತ್ತಿ ಕೊಡುತ್ತಿದ್ದೆ. "ನನ್ನ ಕೈ ಇವಳಿಗೆ ಬಂದಿದೆ" ಅಂತ ಅಂಗಡಿಗೆ ಬಂದವರಿಗೆಲ್ಲ ನನ್ನ ಬೆರಳು ಹಿಡಿದು ತೋರಿಸುತ್ತಿದ್ದರು. ನನಗೆ ಅಪ್ಪ ಅಂದರೆ ಪ್ರಾಣ. ನಮ್ಮ ಹಾಲಿನ ಗೋಡೆಯ ಮೇಲೆ ಅವರಿಬ್ಬರ ಫೋಟೋ ಇದೆ. ಅಮ್ಮ ಕುರ್ಚಿಯಲ್ಲಿ, ಅಪ್ಪ ಹಿಂದೆ ನಿಂತು ಅವಳ ಹೆಗಲ ಮೇಲೆ ಕೈ ಹಾಕಿದ್ದಾರೆ. ಅಪ್ಪ ಬೀದಿಯಲ್ಲೂ ಹಾಗೇ ನಡೆಯುತ್ತಿದ್ದರು, ಯಾರ ಮನೆಗೆ ಹೋದರೂ ಹಾಗೇ ಕೂರುತ್ತಿದ್ದರು. "ಹೆಂಡತಿ ಹೆಗಲ ಮೇಲಿಂದ ಕೈ ತೆಗೆಯೋದೇ ಇಲ್ವಲ್ಲ ಮಾರಾಯ!" ಅಂತ ಚಿಕ್ಕಮ್ಮಂದಿರೆಲ್ಲ ಅಮ್ಮನನ್ನು ನೋಡಿ ಕರುಬುತ್ತಿದ್ದರು. ನನ್ನ ಗಂಡ ಬೀದಿಯಲ್ಲಿ ನನಗಿಂತ ಇಪ್ಪತ್ತು ಹೆಜ್ಜೆ ಮುಂದೆ ನಡೆಯುತ್ತಾನೆ, ತರಕಾರಿ ಚೀಲ ಹಿಡಿದುಕೊಂಡು. ಆ ಫೋಟೋ ತೋರಿಸಿ ಅವನನ್ನು ಎಷ್ಟು ಸಲ ಬೈದಿದ್ದೇನೋ.

ಇಂಥ ಕೈಯನ್ನು ಬಿಟ್ಟು ಅಮ್ಮ ಹಲಗೆಯಾಚೆ ಗುಬ್ಬಿಯ ಕೋಣೆಗೆ ಹೋಗತೊಡಗಿದಳು. ಪ್ಲೈವುಡ್ಡಿಗೆ ಮರ್ಯಾದೆ ಇಲ್ಲ, ಎಲ್ಲವನ್ನೂ ಈ ಕಡೆಗೆ ದಾಟಿಸುತ್ತದೆ. ಅಮ್ಮ ನಗುವುದು ಕೇಳಿಸುತ್ತಿತ್ತು. ಮನೆಯಲ್ಲಿ ಅಮ್ಮ ನಗುತ್ತಾಳೆ, ಇಲ್ಲ ಅನ್ನುವುದಿಲ್ಲ, ಆದರೆ ಬಾಯಿಗೆ ಸೆರಗು ಅಡ್ಡ ಹಿಡಿದು. ಇಲ್ಲಿ ಗಟ್ಟಿಯಾಗಿ ನಗುತ್ತಿದ್ದಳು. ಹುಡುಗಿಯಾಗಿದ್ದಾಗ ನೀರಿನ ಟ್ಯಾಂಕಿನ ಮೇಲೆ ಹತ್ತಿ ಕುಳಿತು ಹಾಡು ಹೇಳುತ್ತಿದ್ದಳಂತೆ. ಶಾಲೆಯ ನಾಟಕದಲ್ಲಿ ಕಳ್ಳನ ಪಾತ್ರ ಮಾಡಿ, ಮೀಸೆ ಬಿದ್ದುಹೋಗಿ, ಅದನ್ನು ಪೊಲೀಸಿನ ಪಾತ್ರದವಳಿಗೇ ಅಂಟಿಸಿ ಬಂದಳಂತೆ. ನಾನು ಹುಟ್ಟಿದ ಮೇಲೆ ಒಂದು ದಿನವೂ ಇದನ್ನು ನನಗೆ ಹೇಳಿದವಳಲ್ಲ! ಹೊಟ್ಟೆಯಲ್ಲಿ ಹುಟ್ಟಿದವಳು ಈ ಕಡೆ, ಕಥೆ ಆ ಕಡೆ.

"ಅಕ್ಕಾ," ಬಸ್ ಡ್ರೈವರು ತೂತಿನೊಳಗಿಂದ ನರಳಿದ, "ಅದು ನನ್ನ ಸೊಂಟ. ನಾನೇನು ತಪ್ಪು ಮಾಡಿದೀನಿ ಹೇಳಿಬಿಡಿ, ಕಾಲಿಗೆ ಬೀಳ್ತೀನಿ."

"ಸುಮ್ನೆ ಮಲ್ಕೊಳ್ಳಿ" ಅಂದೆ.

ಮನೆಗೆ ಬಂದರೆ ಅಲ್ಲೂ ಗುಬ್ಬಿಯ ಜಪ. ಗುಬ್ಬಿ ಹೀಗಂದಳು, ಗುಬ್ಬಿಯ ಕೈ ಹತ್ತಿಯ ಹಾಗೆ, ಗುಬ್ಬಿಗೆ ತಾಯಿ ಇಲ್ಲವಂತೆ ಪಾಪ. ನನ್ನ ಬಾಯಿಗೆ ಬಂದದ್ದನ್ನೆಲ್ಲ ನುಂಗಿ ಪಾತ್ರೆಗಳ ಮೇಲೆ ತೀರಿಸಿಕೊಂಡೆ. ಗಂಡ ಟಿವಿಯ ದನಿ ಜಾಸ್ತಿ ಮಾಡಿಕೊಂಡ. ಅವನಿಗೆ ಹವಾಮಾನ ಗೊತ್ತಾಗುತ್ತದೆ.

ಒಂದು ಬೆಳಿಗ್ಗೆ ಅಮ್ಮ ಕನ್ನಡಿಯ ಮುಂದೆ ನಿಂತು, ಬಾಚಣಿಗೆ ಹಿಡಿದ ಬಲಗೈಯನ್ನು ಕಿವಿಯವರೆಗೆ ಎತ್ತಿದಳು. ವರ್ಷದಿಂದ ಆಗದೇ ಇದ್ದದ್ದು. ನಾನು ಬಾಗಿಲಲ್ಲೇ ಇದ್ದೆ. ಅವಳ ಕಣ್ಣು ಹೊಳೆಯುತ್ತಿತ್ತು. ನನ್ನನ್ನು ಕನ್ನಡಿಯಲ್ಲಿ ನೋಡಿದಳು, ನೋಡಿ, "ಇವತ್ತು ಗುಬ್ಬಿಗೆ ತೋರಿಸ್ಬೇಕು" ಅಂದಳು. ನನಗೆ ತೋರಿಸಿದ್ದಾಯಿತು ಅಂತ ಅವಳಿಗೆ ಅನ್ನಿಸಲೇ ಇಲ್ಲ. ಅಮ್ಮನ ಕೈ ಮೇಲೆದ್ದದ್ದಕ್ಕೆ ಸಂತೋಷಪಡಬೇಕಾದ ಮಗಳು ನಾನು, ಮನಸ್ಸಿನಲ್ಲಿ ಆ ಕೈ ಮತ್ತೆ ಬಿಗಿದುಕೊಳ್ಳಲಿ ಅಂದುಕೊಂಡೆ. ಅಂದುಕೊಂಡೆ, ಅದರಲ್ಲಿ ಮುಚ್ಚುಮರೆ ಏನು.

ಅವತ್ತೇ ಟವೆಲ್ ಕೋಣೆಯಲ್ಲಿ ಗುಬ್ಬಿ ಸಿಕ್ಕಿದಳು. ಇಬ್ಬರೂ ಎದುರು ಬದುರು ನಿಂತು ಚಾದರ ಮಡಚುತ್ತಿದ್ದೆವು. ನಾನು ನನ್ನ ತುದಿಯನ್ನು ಎಷ್ಟು ಜೋರಾಗಿ ಎಳೆದೆನೆಂದರೆ ಅವಳು ಒಂದು ಹೆಜ್ಜೆ ಮುಂದಕ್ಕೆ ಬಂದಳು.

"ನಮ್ಮಮ್ಮನಿಗೆ ಅದೇನು ಬೆಣ್ಣೆ ಹಚ್ತೀಯೇ ನೀನು?"

"ನಾನೇನೂ ಮಾಡಲ್ಲ ಅಕ್ಕಾ" ಅಂದಳು. ದನಿ ಒಡೆದಿತ್ತು, ನೆಗಡಿಗೆ ಗಂಟಲು ಕಟ್ಟಿಕೊಳ್ಳುತ್ತಿತ್ತು ಅವಳಿಗೆ. "ಅವರೇ ಮಾತಾಡ್ತಾರೆ. ನಾನು ಬರೀ ತೋಳು, ಬೆನ್ನು ಸಡಿಲ ಮಾಡ್ತೀನಿ. ಆ ಗುಳಿ ಇದೆಯಲ್ಲ, ಅಲ್ಲಿ ಮುಟ್ಟೋದೇ ಇಲ್ಲ."

"ಗಂಟು ಇರೋದೇ ಅಲ್ಲಿ!"

"ಗೊತ್ತು ಅಕ್ಕಾ. ಆದ್ರೆ ಅಲ್ಲಿಗೆ ಕೈ ಹೋದ್ರೆ ಸಾಕು, ಅವರು ಉಸಿರೇ ಬಿಡಲ್ಲ. ಯಾಕೆ ಅಂತ ನನಗೂ ಗೊತ್ತಿಲ್ಲ. ಅದಕ್ಕೇ ಬಿಟ್ಟುಬಿಟ್ಟಿದೀನಿ."

ನನಗೆ ನಗು ಬಂತು. ಸಂತೋಷದ ನಗು. ಇಷ್ಟು ದಿನ ಅಮ್ಮನನ್ನು ತಲೆಯ ಮೇಲೆ ಹೊತ್ತುಕೊಂಡು ತಿರುಗುತ್ತಿದ್ದವಳಿಗೆ ಗಂಟನ್ನು ಮುಟ್ಟುವ ಧೈರ್ಯವೇ ಇಲ್ಲ! ಕೈ ಕಿವಿಯವರೆಗೆ ಎದ್ದಿದೆ, ಅದಕ್ಕಿಂತ ಮೇಲೆ ಏಳುವುದಿಲ್ಲ. ಆ ಗುಳಿಯೊಳಗಿನ ಗಂಟು ಬಿಟ್ಟರೆ ತಾನೇ ಏಳುವುದು? ಅದನ್ನು ಬಿಡಿಸುವ ಹೆಬ್ಬೆರಳು ಯಾರ ಹತ್ತಿರ ಇದೆ? ಒಂದೇ ಒಂದು ಸಲ ಅಮ್ಮ ನನ್ನ ಕೈಗೆ ಸಿಕ್ಕರೆ ಸಾಕು, ತೋರಿಸಿಬಿಡುತ್ತೇನೆ ಅಂತ ತೀರ್ಮಾನಿಸಿದೆ. ಅಮ್ಮ ನನ್ನ ಟೇಬಲ್ಲಿಗೆ ವಾಪಸ್ಸು ಬರಬೇಕು. ನನಗೆ ಬೇಕಾಗಿದ್ದದ್ದು ಅದೊಂದೇ.

ಆ ಸಲ ಬಂದದ್ದು ಅಮ್ಮನ ಮುಂದಿನ ಸರದಿಯ ದಿನವೇ. ಅಮ್ಮ ನನ್ನ ಜೊತೆಯಲ್ಲೇ ಬಸ್ಸಿನಲ್ಲಿ ಬಂದು, ನೆಟ್ಟಗೆ ಗುಬ್ಬಿಯ ಕೋಣೆಗೆ ಹೋಗಿ ಮಲಗಿಬಿಟ್ಟಿದ್ದಳು. ಅಷ್ಟರಲ್ಲಿ ಕೌಂಟರಿನ ಫೋನು ಬಡಿದುಕೊಂಡಿತು. ಹುಡುಗಿ ಮಾತಾಡಿ ಫೋನು ಇಟ್ಟು, "ಅಕ್ಕಾ, ಗುಬ್ಬಿಗೆ ಜ್ವರವಂತೆ, ಗಂಟಲೂ ಪೂರ್ತಿ ಹೋಗಿದೆ, ಬರಲ್ವಂತೆ. ನಿಮ್ಮಮ್ಮ ಆಗಲೇ ಮಲ್ಕೊಂಡಿದಾರೆ. ಎಬ್ಬಿಸಿ ಹೇಳ್ತೀರಾ?" ಅಂದಳು.

"ಹೇಳ್ತೀನಿ" ಅಂದೆ.

ಹೇಳಬೇಕು ಅಂತಲೇ ಹೊರಟೆ. ಆದರೆ ಗುಬ್ಬಿಯ ಬಾಗಿಲ ಪಕ್ಕದ ಗೂಡಿನಲ್ಲಿ ಅವಳ ಹಸಿರು ಚಪ್ಪಲಿ ಜೋಡಿಸಿಟ್ಟಿತ್ತು. ನನ್ನ ಕಾಲು ಅಲ್ಲೇ ನಿಂತಿತು. ಎಬ್ಬಿಸಿ ಹೇಳಿದರೆ ಏನಾಗುತ್ತದೆ ಅಂತ ನನಗೆ ಗೊತ್ತಿಲ್ಲವೇ? "ಹಾಗಾದ್ರೆ ಇನ್ನೊಂದು ದಿನ ಬರ್ತೀನಿ" ಅಂತ ಅಮ್ಮ ಸೆರಗು ಸರಿಮಾಡಿಕೊಂಡು ಹೊರಟುಬಿಡುತ್ತಾಳೆ. ಗುಬ್ಬಿಗೆ ಗಂಟಲು ಹೋಗಿದೆ, ಅಂದರೆ ನಾನು ಮಾತಾಡುವ ಅಗತ್ಯವೇ ಇಲ್ಲ. ತೂತಿನಿಂದ ಕಾಣುವುದು ಚಪ್ಪಲಿ. ಗುಬ್ಬಿಯ ಹಾಗೆಯೇ ಶುರುಮಾಡಿ, ಮೈ ಸಡಿಲವಾದ ಮೇಲೆ ಆ ಗಂಟನ್ನು ಒಂದೇ ಏಟಿಗೆ ಬಿಡಿಸಿ, ಅಮ್ಮನ ಕೈ ತಲೆಯ ಮೇಲೆ ಎದ್ದ ಕ್ಷಣದಲ್ಲಿ, "ನೋಡಮ್ಮ, ಇದು ಯಾರ ಕೈ?" ಅನ್ನಬೇಕು. ಸೊಟ್ಟ ಬೆರಳೊಂದು ಅಡ್ಡಿ. ನನ್ನ ಚೀಲದಲ್ಲಿ ಬಸ್ಸಿನ ಚಳಿಗೆ ಅಂತ ಇಟ್ಟುಕೊಂಡ ಬಿಳಿ ಕಾಲುಚೀಲ ಇತ್ತು. ಅವಸರದಲ್ಲಿ ಏರಿಸಿಕೊಂಡೆ. ಗುಬ್ಬಿಯ ಚಪ್ಪಲಿಗೆ ನನ್ನ ಕಾಲು ಎಲ್ಲಿಯ ಲೆಕ್ಕ, ಹಿಮ್ಮಡಿ ಅರ್ಧ ಹೊರಗೇ ಉಳಿಯಿತು. ಇರಲಿ, ತುದಿ ಕಂಡರೆ ಸಾಕು ಅಂತ ಹೆಜ್ಜೆ ಎಳೆದುಕೊಂಡು ಒಳಗೆ ಹೋದೆ.

ಕಿಟಕಿಯಿಲ್ಲದ ಕೋಣೆ, ಒಂದು ಮಂಕು ದೀಪ. ಅಮ್ಮ ಚಾದರದ ಕೆಳಗೆ ಬೋರಲು ಮಲಗಿದ್ದಳು. ಅವಳು ಇಷ್ಟು ಸಣ್ಣಗಾಗಿದ್ದಾಳೆ ಅಂತ ನನಗೆ ಗೊತ್ತಿರಲಿಲ್ಲ. ಟೇಬಲ್ಲಿನ ತಲೆಯ ಕಡೆಗೆ ಹೋಗಿ ನಿಂತೆ, ಚಪ್ಪಲಿ ಚೆನ್ನಾಗಿ ಕಾಣಲಿ ಅಂತ. ತೂತಿನೊಳಗಿಂದ ಸ್ವಲ್ಪ ಹೊತ್ತು ಏನೂ ಕೇಳಿಸಲಿಲ್ಲ.

"ಬಂದ್ಯಾ ಮಗೂ?" ಅಂದಳು ಅಮ್ಮ ಆಮೇಲೆ.

ನಾನು ಗುಬ್ಬಿಯ ಹಾಗೆ ಕೆಮ್ಮಿದೆ.

"ಮಾತಾಡ್ಬೇಡ, ಗಂಟಲು ಕಟ್ಟಿದೆ. ನಾನೇ ಮಾತಾಡ್ತೀನಿ."

ನನಗೆ ಯಾವತ್ತಾದರೂ ಹೀಗೆ ಮಗೂ ಅಂದಿದ್ದಾಳೆಯೇ? ಹಲ್ಲು ಕಚ್ಚಿಕೊಂಡು ಚಾದರ ಸರಿಸಿ, ಬೆನ್ನ ನಡುವೆ ಅಂಗೈ ಇಟ್ಟು ನಿಂತೆ. ಆ ಹುಡುಗಿ ನಿಲ್ಲುವ ಹಾಗೆಯೇ. ಮಹಾ ಬೇಜಾರಿನ ಕೆಲಸ. ಆಮೇಲೆ ಎಣ್ಣೆ ತೆಗೆದುಕೊಂಡು ತೋಳಿನ ಮೇಲೆ, ಬೆನ್ನಿನ ಬದಿಗಳಲ್ಲಿ ಹಗುರವಾಗಿ ಸವರುತ್ತ ಹೋದೆ. ಹೆಬ್ಬೆರಳನ್ನು ಹಿಂದಕ್ಕೆ ಹಿಡಿದುಕೊಂಡಿದ್ದೆ. ಅಮ್ಮ ಒಂದು ದೊಡ್ಡ ಉಸಿರು ಬಿಟ್ಟಳು.

"ನಮ್ಮ ಹುಡುಗಿಗೆ ನಿನ್ನ ಮೇಲೆ ಬಹಳ ಸಿಟ್ಟು" ಅಂದಳು. "ಮನೇಲಿ ಪಾತ್ರೆಗಳೆಲ್ಲ ಹೇಳ್ತವೆ. ಅಳಿಯ ಪಾಪ, ಟಿವಿ ಒಳಗೇ ಹೋಗಿ ಕೂರೋದೊಂದು ಬಾಕಿ."

ನಾನು ಸವರುತ್ತಲೇ ಇದ್ದೆ.

"ಅವಳ ಕೈಯೇನು ಕಡಿಮೆ ಅಲ್ಲ, ಗೊತ್ತಾಯ್ತಾ? ಅವಳ ಕೈಯಲ್ಲಿ ಎದ್ದು ನಡೆದೋರನ್ನ ನಾನೇ ಕಣ್ಣಾರೆ ನೋಡಿದೀನಿ. ಊರಲ್ಲೆಲ್ಲ ನನ್ನನ್ನ ನಿಲ್ಲಿಸಿ, ನಿಮ್ಮ ಮಗಳಿಂದ ನಮ್ಮ ಸೊಂಟ ಉಳೀತು ಅಂತಾರೆ. ನನಗೆ ಎಷ್ಟು ಹೆಮ್ಮೆ ಆಗುತ್ತೆ."

ನನ್ನ ಎದೆ ಇಷ್ಟಗಲವಾಯಿತು. ಹೇಳಮ್ಮ, ಇನ್ನೂ ಹೇಳು, ಗುಬ್ಬಿಯ ಕಿವಿಗೆ ಬೀಳುವ ಹಾಗೆ ಹೇಳು ಅಂದುಕೊಂಡೆ. ಆಮೇಲೆ ನೆನಪಾಯಿತು, ಅವಳಿಲ್ಲ, ಇರುವುದು ನಾನು. ಆ ಹುರುಪಿನಲ್ಲೇ ಹೆಬ್ಬೆರಳು ಗುಳಿಗೆ ಹೋಗಿ ಕುಳಿತಿತು. ಗಂಟು ಅಲ್ಲೇ ಇತ್ತು, ಗಟ್ಟಿಯಾಗಿ. ಒತ್ತಿದೆ.

ಹೆಗಲು ಎಗರಿತು. ಅಮ್ಮನ ಉಸಿರು ನಿಂತಿತು.

"ಅಲ್ಲಿ ಬೇಡ."

ನಾನು ಬೆರಳು ತೆಗೆಯಲಿಲ್ಲ. ಇನ್ನೊಂದು ಚೂರು, ಇನ್ನೊಂದೇ ಚೂರು, ಬಿಟ್ಟುಕೊಳ್ಳುತ್ತದೆ.

"ಅದು ಅವಳಪ್ಪನ ಜಾಗ" ಅಂದಳು ಅಮ್ಮ. ಚಾದರದ ಅಂಚನ್ನು ಮುಷ್ಟಿಯಲ್ಲಿ ಹಿಡಿದುಕೊಂಡಿದ್ದಳು. "ನಾನು ನಾಲ್ಕು ಜನರ ಮುಂದೆ ಬಾಯಿ ತೆಗೆದ್ರೆ ಸಾಕು, ಹೆಗಲ ಮೇಲೆ ಅವರ ಕೈ ಬರ್ತಿತ್ತು. ನೋಡೋರಿಗೆ, ಆಹಾ ಎಂಥ ಪ್ರೀತಿ! ಬೆರಳುಗಳೆಲ್ಲ ಮುಂದೆ ಹೂವಿನ ಥರ ಇರೋವು. ಹೆಬ್ಬೆರಳು ಹಿಂದೆ. ಅಲ್ಲೇ, ಈಗ ಇದೆಯಲ್ಲ, ಅಲ್ಲೇ. ನಾನು ಮಾತು ನಿಲ್ಲಿಸೋವರೆಗೂ ಒತ್ತಿ ಹಿಡಿಯೋರು. ನಾನು ನಗ್ತಾನೇ ಇರ್ಬೇಕು. ಮುಖ ಕಿವುಚಿದ್ರೆ ಇನ್ನಷ್ಟು."

ಪ್ಲೈವುಡ್ಡಿನಾಚೆ ನನ್ನ ಕೋಣೆಯ ಕಿಟಕಿಯಿಂದ ಬೀದಿಯ ಹಾರನ್ನುಗಳು ಕೇಳಿಸುತ್ತಿದ್ದವು.

"ಒಂದು ದಿನಕ್ಕೂ ಕೈ ಎತ್ತಿ ಹೊಡೆದೋರಲ್ಲ. ಯಾರ ಹತ್ರ ಏನಂತ ಹೇಳೋದು? ಗಂಡ ಹೆಗಲ ಮೇಲೆ ಕೈ ಹಾಕ್ತಾನೆ ಅಂತ ದೂರು ಹೇಳೋಕಾಗುತ್ತಾ? ನಮ್ಮ ತಂಗಿಯರೇ ಕರುಬ್ತಾ ಇದ್ರು. ಹಾಲಿನಲ್ಲಿ ಫೋಟೋ ಇದೆ, ಅದರಲ್ಲೂ ಅದೇ. ನನ್ನ ಬಾಯಿ ಸ್ವಲ್ಪ ತೆರೆದಿದೆ, ನೋಡಿದ್ರೆ ಗೊತ್ತಾಗುತ್ತೆ. ಏನೋ ಹೇಳೋಕೆ ಹೊರಟಿದ್ದೆ."

ಆ ಬಾಯಿ ನನಗೆ ಗೊತ್ತು. ಅಮ್ಮ ನಗಲು ಹೊರಟಿದ್ದಾಳೆ ಅಂತ ನಾನು ಇಷ್ಟು ವರ್ಷ ನೋಡಿದ್ದು ಅದೇ ಬಾಯಿಯನ್ನು.

"ಹುಡುಗಿಗೆ ಅವರಂದ್ರೆ ಪ್ರಾಣ. ಅವಳಿಗೆ ಒಳ್ಳೇ ಅಪ್ಪನೇ ಆಗಿದ್ರು, ಸುಳ್ಳು ಹೇಳಬಾರದು. ಆದ್ರೆ ಹೆಬ್ಬೆರಳು ಅವರದೇ, ಅಚ್ಚು. ಮೊದಲನೇ ದಿನ ಅವಳು ಹುಡುಕಿ ಹುಡುಕಿ ಅದೇ ಜಾಗಕ್ಕೆ ಬಂದು ಒತ್ತಿದಾಗ... ಮಗಳು ಮುಟ್ಟಿದ್ರೆ ಎಗರ್ತೀನಿ ಅಂತ ಮಗಳಿಗೇ ಹೇಗೆ ಹೇಳೋದು?"

ಹೆಬ್ಬೆರಳು ತಾನಾಗಿಯೇ ಎದ್ದಿತು. ಎಣ್ಣೆಯ ಕೈಗಳನ್ನು ಗಾಳಿಯಲ್ಲಿ ಹಿಡಿದುಕೊಂಡು ನಿಂತೆ. ಆಗ ನನಗೆ ಮೊದಲು ಬಂದದ್ದು ಅಮ್ಮನ ಮೇಲಿನ ಮರುಕವಲ್ಲ, ಅಪ್ಪನ ಮೇಲಿನ ಸಿಟ್ಟೂ ಅಲ್ಲ. ಈ ಮಾತನ್ನೂ ಗುಬ್ಬಿಗೇ ಹೇಳಿದಳಲ್ಲ! ನನ್ನ ಅಪ್ಪ, ನನ್ನ ಅಮ್ಮ, ನಮ್ಮ ಮನೆಯ ಗೋಡೆಯ ಮೇಲಿನ ಫೋಟೋ. ನನಗೆ ಹೇಳದೆ, ಹಿಡಿಯಷ್ಟಿರುವ ಆ ಹುಡುಗಿಗೆ ಹೇಳಿಬಿಟ್ಟಳಲ್ಲ. ಹೊಟ್ಟೆಯೊಳಗೆ ಕೆಂಡ ಸುರಿದ ಹಾಗಾಯಿತು. ಕಣ್ಣಲ್ಲಿ ನೀರು ಬಂತು, ಅದೂ ಉರಿಯಿಂದಲೇ.

"ಆ ಚಪ್ಪಲಿ ಬಿಚ್ಚಿಬಿಡೇ" ಅಂದಳು ಅಮ್ಮ. "ಕಿತ್ತು ಹೋಗುತ್ತೆ. ಪಾಪ, ಅವಳಿಗೆ ಇರೋದು ಅದೊಂದೇ ಜೊತೆ."



"ಯಾವಾಗ ಗೊತ್ತಾಯ್ತು?" ನನ್ನ ದನಿ ನಿಜವಾಗಿಯೂ ಗಂಟಲು ಕಟ್ಟಿದವಳ ದನಿಯ ಹಾಗಿತ್ತು.

"ನೀನು ಬಂದು ನಿಂತ ಕೂಡಲೇ. ನಾನೇ ಹೊಲಿದ ಕಾಲುಚೀಲ ನನಗೆ ಗೊತ್ತಾಗಲ್ವಾ?"

ಬಗ್ಗಿ ನೋಡಿದೆ. ಬಿಳಿ ಕಾಲುಚೀಲದ ತುದಿಯಲ್ಲಿ, ಸೊಟ್ಟ ಬೆರಳು ತೂತು ಮಾಡಿದ ಕಡೆ, ಅಪ್ಪನ ಅಂಗಡಿಯ ದಪ್ಪ ಕಂದು ದಾರದ ಹೊಲಿಗೆ ಇತ್ತು. ದಿನಾ ಹಾಕಿ ಬಿಚ್ಚುವ ಕಾಲುಚೀಲ. ಅವಸರದಲ್ಲಿ ನನ್ನ ಕಣ್ಣಿಗೇ ಬಿದ್ದಿರಲಿಲ್ಲ.

"ಗುಬ್ಬಿಗೆ ಇದೆಲ್ಲ..."

"ಅವಳಿಗೇನೂ ಹೇಳಿಲ್ಲ. ಅವಳಿಗೆ ಯಾಕೆ ಹೇಳ್ಲಿ?" ಅಂದಳು ಅಮ್ಮ ತೂತಿನೊಳಗಿಂದ. "ನಿನಗೆ ಹೇಳ್ಬೇಕಿತ್ತು. ಎದುರಿಗೆ ನಿನ್ನ ಮುಖ ಇದ್ರೆ ಬಾಯಿ ಬರ್ತಿರ್ಲಿಲ್ಲ. ಕಾಲು ಇತ್ತು, ಹೇಳಿಬಿಟ್ಟೆ."

ಹಸಿರು ಚಪ್ಪಲಿಗಳನ್ನು ಬಿಚ್ಚಿ ಗೋಡೆಯ ಪಕ್ಕಕ್ಕೆ ಸರಿಸಿದೆ. ಟೈಲ್ಸು ತಣ್ಣಗಿತ್ತು. ಹೊರಗೆ ಹೋಗುವುದೋ ಇಲ್ಲೇ ನಿಲ್ಲುವುದೋ ತಿಳಿಯದೆ ಚಾದರವನ್ನು ಎಳೆದು ಅಮ್ಮನ ಹೆಗಲು ಮುಚ್ಚಲು ಹೋದೆ.

"ಮುಚ್ಚಬೇಡ" ಅಂದಳು. "ಕೈ ಇಡು. ಅಲ್ಲೇ ಇಡು. ಒತ್ತಬೇಡ. ನೋಡೋಣ."

ಅಂಗೈ ಇಟ್ಟೆ. ಹೆಗಲು ಎಗರಿತು. ತೆಗೆಯಲು ಹೋದಾಗ, "ಇರ್ಲಿ" ಅಂದಳು. ಕೈ ಕೆಳಗೆ ಗಂಟು ಕಲ್ಲಿನ ಹಾಗೆ ಕುಳಿತಿತ್ತು. ನನ್ನ ಬೆರಳುಗಳಿಗೆಲ್ಲ ಅದನ್ನು ಒತ್ತಬೇಕು, ಒಡೆಯಬೇಕು, ಕೆಲಸ ಮುಗಿಸಬೇಕು ಅನ್ನಿಸುತ್ತಿತ್ತು. ಆ ಹುಡುಗಿ ಹೀಗೆ ಸುಮ್ಮನೆ ಹೇಗೆ ನಿಲ್ಲುತ್ತಾಳೋ, ದಿನವಿಡೀ! ಬಹಳ ಹೊತ್ತಾದ ಮೇಲೆ ಅಮ್ಮನ ಬೆನ್ನು ಒಂದು ಸಲ ಮೇಲೆದ್ದು ಇಳಿಯಿತು. ಆಮೇಲೆ ಇನ್ನೊಂದು ಸಲ.

"ಅಮ್ಮ, ಮುಂದಿನ ವಾರ?" ಅಂದೆ.



"ಮುಂದಿನ ವಾರ ಗುಬ್ಬಿನೇ ಮಾಡ್ಲಿ ಕಣೇ" ಅಂದಳು. "ಕೊನೇಲಿ ನೀನು ಬಂದು ಒಂದು ಚೂರು ಹೊತ್ತು ಹೀಗೆ ನಿಂತ್ಕೋ."

ಒಂದು ಚೂರು ಹೊತ್ತು. ಅದೂ ಕೊನೆಯಲ್ಲಿ, ಗುಬ್ಬಿಯದೆಲ್ಲ ಮುಗಿದ ಮೇಲೆ. ನನ್ನ ಹೊಟ್ಟೆ ಮೊದಲಿನ ಹಾಗೆಯೇ ಉರಿಯಿತು, ಎಳ್ಳಷ್ಟೂ ಕಡಿಮೆಯಾಗಲಿಲ್ಲ. ಆದರೂ ಹೂಂ ಅಂದೆ. ಅಮ್ಮನ ಹೆಗಲ ಮೇಲೆ ಅಂಗೈ ಇಟ್ಟು, ಹೆಬ್ಬೆರಳೊಂದನ್ನು ಚರ್ಮಕ್ಕೆ ತಾಗದ ಹಾಗೆ ಮೇಲೆತ್ತಿ ಹಿಡಿದುಕೊಂಡು, ಅಲ್ಲೇ ನಿಂತಿದ್ದೆ.